ನಾಳೆ ಮಾಡಿದರಾಯಿತು: ಕೆಲಸ ಮುಂದೂಡುವುದರ ಲಾಭಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮುಂದೂಡುವುದರಿಂದ ನಿಜಕ್ಕೂ ಲಾಭ ಇದೆಯಾ?

ಇದೆ. ಆದರೆ ಎಲ್ಲ ಕೆಲಸಕ್ಕೂ ಇಲ್ಲ, ಎಲ್ಲ ಬಗೆಯ ಮುಂದೂಡಿಕೆಗೂ ಇಲ್ಲ. ಹೊಸದಾಗಿ ಏನಾದರೂ ಯೋಚಿಸಬೇಕಾದ ಕೆಲಸ, ದೊಡ್ಡ ನಿರ್ಧಾರ, ಸಿಟ್ಟು ಬಂದಾಗ ಕೊಡಬೇಕೆನಿಸುವ ಉತ್ತರ, ಇವನ್ನೆಲ್ಲ ಸ್ವಲ್ಪ ತಡೆದು ಮಾಡಿದರೆ ಒಳ್ಳೆಯದೇ ಆಗುತ್ತದೆ. ಬಿಲ್ ಕಟ್ಟುವುದು, ಡಾಕ್ಟರ ಹತ್ತಿರ ಹೋಗುವುದು, ತಪ್ಪು ಮಾಡಿದ ಮೇಲೆ ಕ್ಷಮೆ ಕೇಳುವುದು, ಇವು ತಡವಾದಷ್ಟೂ ಕೆಡುತ್ತವೆ.

ಇಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ. ಕೆಲಸವನ್ನು ಒಮ್ಮೆ ಮುಟ್ಟಿ ಆಮೇಲೆ ಬಿಟ್ಟರೆ ಆ ಬಿಡುವು ಫಲ ಕೊಡುತ್ತದೆ. ಮುಟ್ಟದೇ ಬಿಟ್ಟರೆ ಬರೀ ಭಾರ ಕೊಡುತ್ತದೆ.

ಮುಂದೂಡುವುದಕ್ಕೂ ಸೋಮಾರಿತನಕ್ಕೂ ಏನು ವ್ಯತ್ಯಾಸ?

ಸೋಮಾರಿಗೆ ಕೆಲಸ ಮಾಡುವ ಮನಸ್ಸೇ ಇರುವುದಿಲ್ಲ. ಮಾಡದೇ ಹೋದರೂ ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಮುಂದೂಡುವವರಿಗೆ ಮನಸ್ಸಿರುತ್ತದೆ, ಮಾಡಬೇಕು ಅಂತ ಗೊತ್ತಿರುತ್ತದೆ, ಆದರೂ ಕೈ ಬೇರೆ ಕಡೆ ಹೋಗುತ್ತದೆ. ಎಷ್ಟೋ ಸಲ ಮುಂದೂಡುವವರು ದಿನವಿಡೀ ದುಡಿಯುತ್ತಲೇ ಇರುತ್ತಾರೆ. ಮಾಡಬೇಕಾದ ಆ ಒಂದು ಕೆಲಸ ಬಿಟ್ಟು ಉಳಿದದ್ದೆಲ್ಲ ಮಾಡಿರುತ್ತಾರೆ.

ಪಿಯರ್ಸ್ ಸ್ಟೀಲ್ ಎಂಬ ಮನಶ್ಶಾಸ್ತ್ರಜ್ಞ ಈ ವಿಷಯದ ಮೇಲೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ 2007ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಅಲ್ಲಿ ಅವರು ಕೊಡುವ ಅರ್ಥ ಹೀಗಿದೆ: ಮಾಡಬೇಕೆಂದುಕೊಂಡ ಕೆಲಸವನ್ನು, ತಡ ಮಾಡಿದರೆ ತನಗೇ ತೊಂದರೆ ಅಂತ ಗೊತ್ತಿದ್ದೂ, ತಾನಾಗಿಯೇ ತಡ ಮಾಡುವುದು. ಈ ಅರ್ಥವನ್ನು ಹಾಗೇ ಹಿಡಿದರೆ ಮುಂದೂಡುವುದರಿಂದ ಲಾಭ ಅನ್ನುವ ಮಾತೇ ಇಲ್ಲ. ತೊಂದರೆ ಅನ್ನುವುದು ಅರ್ಥದೊಳಗೇ ಸೇರಿಹೋಗಿದೆ. ಆದರೆ ದಿನಬಳಕೆಯಲ್ಲಿ ನಾವು "ಮುಂದೂಡಿದೆ" ಅನ್ನುವಾಗ ಎಲ್ಲ ಬಗೆಯ ತಡವನ್ನೂ ಅದರಲ್ಲೇ ಸೇರಿಸುತ್ತೇವೆ. ಬೇಕೆಂದೇ ಕಾದದ್ದು, ಹೆದರಿ ತಪ್ಪಿಸಿಕೊಂಡದ್ದು, ತಲೆಯಲ್ಲಿ ಇನ್ನೂ ಬಲಿಯಲಿ ಅಂತ ಬಿಟ್ಟದ್ದು, ಎಲ್ಲಕ್ಕೂ ಒಂದೇ ಹೆಸರು. ಒಂದೇ ಬೈಗುಳ ಕೂಡ. ನನ್ನ ತಕರಾರು ಇರುವುದು ಇಲ್ಲೇ. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಬೈದುಕೊಂಡರೆ ಒಳ್ಳೆಯ ತಡ ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಅಷ್ಟಕ್ಕೂ ನಾವು ಯಾಕೆ ಮುಂದೂಡುತ್ತೇವೆ? ಟೈಮ್ ಸಾಲದೇ ಅಲ್ವಾ?

ಹೆಚ್ಚಿನ ಸಲ ಟೈಮ್ ಕಾರಣ ಅಲ್ಲ, ಮನಸ್ಸು ಕಾರಣ. ಆ ಕೆಲಸ ನೆನೆದರೆ ಏನೋ ಒಂದು ಹಿತವಿಲ್ಲದ ಭಾವ ಬರುತ್ತದೆ. ಬೇಜಾರು, ಅಳುಕು, ನನ್ನ ಕೈಲಾಗುತ್ತದಾ ಅನ್ನುವ ಅನುಮಾನ. ಕೆಲಸ ಪಕ್ಕಕ್ಕಿಟ್ಟ ಕೂಡಲೇ ಆ ಭಾವ ಕರಗಿ ಹಗುರ ಅನಿಸುತ್ತದೆ. ಆ ಹಗುರವೇ ಬಹುಮಾನ. ಫ್ಯೂಶಿಯಾ ಸಿರೋಯಿಸ್ ಮತ್ತು ಟಿಮ್ ಪೈಕಿಲ್ ಎಂಬ ಇಬ್ಬರು ಸಂಶೋಧಕರು 2013ರಲ್ಲಿ ಇದನ್ನೇ ವಿವರಿಸಿದರು. ಈಗಿನ ಮನಸ್ಸಿನ ನೆಮ್ಮದಿಗೋಸ್ಕರ ನಾಳೆಯ ನಮ್ಮ ಮೇಲೆ ಹೊರೆ ಹಾಕುತ್ತೇವೆ ಅನ್ನುವುದು ಅವರ ಮಾತಿನ ಸಾರ.

ಇದು ತಿಳಿದರೆ ಒಂದು ಉಪಯೋಗ ಇದೆ. ಯಾವ ಕೆಲಸವನ್ನು ಪದೇ ಪದೇ ಮುಂದೂಡುತ್ತೀರೋ ಅದರ ಹಿಂದೆ ಯಾವ ಭಾವ ಇದೆ ಅಂತ ಒಂದು ನಿಮಿಷ ಕೇಳಿಕೊಳ್ಳಿ. ಕೆಲವು ಸಲ ಉತ್ತರ "ಹೆದರಿಕೆ". ಕೆಲವು ಸಲ ಉತ್ತರ "ಈ ಕೆಲಸವೇ ಸರಿ ಇಲ್ಲ". ಎರಡನೆಯದಾದರೆ ನಿಮ್ಮ ತಡವೇ ನಿಮಗೆ ಏನೋ ಹೇಳುತ್ತಿದೆ ಅಂತ ಅರ್ಥ.

ಬಿಟ್ಟ ಕೆಲಸ ತಲೆಯೊಳಗೆ ತಾನೇ ಬೆಳೆಯುತ್ತದೆ ಅನ್ನುತ್ತಾರಲ್ಲ, ಅದು ಸುಮ್ನೆ ಸಮಾಧಾನದ ಮಾತಾ?

ಅಲ್ಲ. ಇದಕ್ಕೆ ಸಾಕಷ್ಟು ಆಧಾರ ಇದೆ.

ಗ್ರಹಾಂ ವಾಲಸ್ ಎಂಬ ಇಂಗ್ಲಿಷ್ ಚಿಂತಕ ಹೊಸ ಯೋಚನೆ ಹುಟ್ಟುವ ಬಗೆಯನ್ನು 1926ರಲ್ಲಿ ನಾಲ್ಕು ಹಂತಗಳಾಗಿ ಬಿಡಿಸಿ ಹೇಳಿದರು. ಮೊದಲು ತಯಾರಿ: ಓದುವುದು, ಪ್ರಯತ್ನಿಸುವುದು, ಸೋಲುವುದು. ಆಮೇಲೆ ಕಾವು: ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ, ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನಿಸುವ ಹೊತ್ತು. ಮೂರನೆಯದು ಹೊಳಹು. ಕೊನೆಯದು ಹೊಳೆದದ್ದು ಸರಿಯಾ ಅಂತ ಪರೀಕ್ಷೆ ಮಾಡುವುದು.

ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ 1908ರಲ್ಲಿ ತನ್ನ ಅನುಭವವನ್ನೇ ಹೇಳಿಕೊಂಡಿದ್ದ. ಒಂದು ಗಣಿತದ ತೊಡಕಿನ ಮೇಲೆ ಅವನು ದಿನಗಟ್ಟಲೆ ಕೂತಿದ್ದ. ಆಮೇಲೆ ಅದನ್ನು ಬಿಟ್ಟು ಭೂವಿಜ್ಞಾನದ ಪ್ರವಾಸಕ್ಕೆ ಹೊರಟ. ಪ್ರಯಾಣದ ಗಡಿಬಿಡಿಯಲ್ಲಿ ಗಣಿತ ಮರೆತೇಹೋಗಿತ್ತು. ಕೂತಾನ್ಸ್ ಎಂಬ ಊರಲ್ಲಿ ಗಾಡಿ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಉತ್ತರ ಹೊಳೆಯಿತು. ಗಾಡಿಯೊಳಗೆ ಕೂತು ಪಕ್ಕದವರ ಜೊತೆ ಮಾತು ಮುಂದುವರಿಸಿದ. ಪರೀಕ್ಷೆ ಮಾಡಿ ನೋಡಿದ್ದು ಊರಿಗೆ ಮರಳಿದ ಮೇಲೆ.

ಇದು ಒಬ್ಬ ಮಹಾಬುದ್ಧಿವಂತನ ಕಥೆ ಮಾತ್ರ ಅಲ್ಲ. 2009ರಲ್ಲಿ ಸಿಯೊ ಮತ್ತು ಓರ್ಮರಾಡ್ ಎಂಬ ಸಂಶೋಧಕರು ಈ ಬಗ್ಗೆ ನಡೆದ 117 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಮಸ್ಯೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮರಳಿದರೆ ಬಿಡಿಸಲು ಅನುಕೂಲವಾಗುತ್ತದೆ ಅನ್ನುವುದು ಒಟ್ಟಾರೆ ನಿಜ ಅಂತ ಕಂಡಿತು. ಒಂದೇ ಸರಿಯುತ್ತರ ಇರುವ ಪ್ರಶ್ನೆಗಿಂತ, ಹಲವು ಉತ್ತರ ಹುಡುಕಬೇಕಾದ ಪ್ರಶ್ನೆಗೆ ಈ ಲಾಭ ಜಾಸ್ತಿ. ಬಿಟ್ಟ ಹೊತ್ತಿನಲ್ಲಿ ತೀರಾ ತಲೆ ಬಳಸದ ಹಗುರ ಕೆಲಸ ಮಾಡಿದರೆ ಭಾಷೆಗೆ ಸಂಬಂಧಿಸಿದ ಸಮಸ್ಯೆಗಳಲ್ಲಿ ಇನ್ನೂ ಅನುಕೂಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನಿವೃತ್ತರಾದಾಗ ಬೀಳ್ಕೊಡುಗೆಯ ಮಾತು ಆಡುವ ಜವಾಬ್ದಾರಿ ನನಗೆ ಬಂತು. ಸೋಮವಾರ ಒಂದು ಗಂಟೆ ಕೂತು ಬರೆದೆ. ಪ್ರಾಮಾಣಿಕರು, ಶ್ರಮಜೀವಿ, ಸರಳ ವ್ಯಕ್ತಿ. ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತುಗಳು. ಹಾಳೆ ಮಡಚಿಟ್ಟೆ. ಗುರುವಾರ ಸಂಜೆ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಅಂಗಿಯ ಜೇಬಿನಲ್ಲಿ ಪೆನ್ನಿನ ಕ್ಯಾಪ್ ಸಿಕ್ಕಿತು. ಆಗ ನೆನಪಾಯಿತು. ಯಾರಾದರೂ ಪೆನ್ನು ಕೇಳಿದರೆ ಆ ಹಿರಿಯರು ಕ್ಯಾಪ್ ತಮ್ಮ ಹತ್ತಿರ ಇಟ್ಟುಕೊಂಡೇ ಪೆನ್ನು ಕೊಡುತ್ತಿದ್ದರು. ಪೆನ್ನು ತಪ್ಪದೆ ವಾಪಸ್ ಬರುತ್ತಿತ್ತು. ಹೊಸಬರಿಗೆ ಕೆಲಸ ಒಪ್ಪಿಸುವಾಗಲೂ ಹಾಗೇ. ಒಂದು ಚಿಕ್ಕ ತುಣುಕನ್ನು ತಮ್ಮ ಬಳಿ ಉಳಿಸಿಕೊಳ್ಳುತ್ತಿದ್ದರು. ಅದನ್ನು ಕೇಳಲು ನಾವು ಹೋದಾಗ ಉಳಿದದ್ದನ್ನೂ ನೋಡಿ, ಮೆಲ್ಲಗೆ ತಿದ್ದಿ ಕಳಿಸುತ್ತಿದ್ದರು. ಶುಕ್ರವಾರ ನಾನು ಹೇಳಿದ್ದು ಆ ಕ್ಯಾಪಿನ ಕಥೆ ಮಾತ್ರ. ಸೋಮವಾರವೇ ಮುಗಿಸಿದ್ದರೆ ಆ ಕ್ಯಾಪ್ ಸುಮ್ಮನೆ ಡ್ರಾಯರ್ ಸೇರುತ್ತಿತ್ತು.

ಹಾಗಾದರೆ ಸೋಮವಾರ ಆ ಒಂದು ಗಂಟೆ ಕೂರದೇ ಇದ್ದಿದ್ದರೂ ಹೊಳೆಯುತ್ತಿತ್ತಾ?

ಇಲ್ಲ ಅಂತಲೇ ನನ್ನ ನಂಬಿಕೆ. ಕಾವು ಕೊಡಲು ಮೊದಲು ಮೊಟ್ಟೆ ಇರಬೇಕು. ಪ್ವಾಂಕರೆ ಕೂಡ ಇದನ್ನು ಒತ್ತಿ ಹೇಳಿದ್ದಾನೆ: ಮೊದಲು ಮನಸ್ಸಿಟ್ಟು ದುಡಿಯದೇ ಇದ್ದರೆ ಹೊಳಹು ಬರುವುದಿಲ್ಲ. ಸೋಮವಾರ ಬರೆದ ಆ ಸಪ್ಪೆ ಸಾಲುಗಳೇ ನನ್ನ ತಲೆಗೆ "ಇದಲ್ಲ, ಬೇರೆ ಏನೋ ಬೇಕು" ಅಂತ ಹೇಳಿಟ್ಟಿದ್ದವು.

ಎಷ್ಟು ತಡ ಮಾಡಿದರೆ ಒಳ್ಳೆಯದು?

ಹದವಾಗಿ. ಜಿಹೇ ಶಿನ್ ಮತ್ತು ಆಡಂ ಗ್ರಾಂಟ್ ಎಂಬ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳುತ್ತದೆ. ಅವರು ಜನರಿಗೆ ಒಂದು ಸಮಸ್ಯೆ ಕೊಟ್ಟರು, ಹೊಸ ಪರಿಹಾರ ಯೋಚಿಸಿ ಅಂದರು. ಪಕ್ಕದಲ್ಲೇ ಮನಸ್ಸು ಸೆಳೆಯುವ ತಮಾಷೆಯ ವಿಡಿಯೊಗಳನ್ನೂ ಇಟ್ಟರು. ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ. ಕೂಡಲೇ ಕೆಲಸ ಮಾಡಿದವರ ಯೋಚನೆಗಳಿಗಿಂತ, ಕೊನೆಯವರೆಗೂ ಬಿಟ್ಟವರ ಯೋಚನೆಗಳಿಗಿಂತ, ನಡುವೆ ಸ್ವಲ್ಪ ತಡ ಮಾಡಿದವರ ಯೋಚನೆಗಳು ಹೆಚ್ಚು ಹೊಸದಾಗಿದ್ದವು. ಒಂದು ಕಂಪನಿಯ ನೌಕರರಲ್ಲೂ ಇದೇ ರೀತಿ ಕಂಡಿತು, ಆದರೆ ಷರತ್ತಿನ ಮೇಲೆ. ಕೆಲಸದ ಬಗ್ಗೆ ಒಳಗಿನಿಂದ ಆಸಕ್ತಿ ಇರಬೇಕು, ಹೊಸದೇನಾದರೂ ಯೋಚಿಸಲು ಅದರಲ್ಲಿ ಜಾಗ ಇರಬೇಕು.

ನನಗೆ ಇದರಲ್ಲಿ ತುಂಬಾ ಮುಖ್ಯ ಅನಿಸುವುದು ಆ ಷರತ್ತು. ಇಷ್ಟವಿಲ್ಲದ ಕೆಲಸವನ್ನು ಬಿಟ್ಟರೆ ಮನಸ್ಸು ಅದನ್ನು ಪೂರ್ತಿ ಮರೆಯುತ್ತದೆ. ಇಷ್ಟವಾದ ಕೆಲಸವನ್ನು ಬಿಟ್ಟರೆ ಮನಸ್ಸು ಅದರ ಸುತ್ತಲೇ ಸುಳಿಯುತ್ತಿರುತ್ತದೆ. ಹೀಗೆ ಬಿಟ್ಟವರಿಬ್ಬರೂ ಹೊರಗಿನಿಂದ ಒಂದೇ ತರ ಕಾಣುತ್ತಾರೆ, ಒಳಗೆ ನಡೆಯುವುದು ಬೇರೆ.

ದಿನಗಳ ಲೆಕ್ಕದಲ್ಲಿ ಹೇಳುವುದಾದರೆ, ನಾನು ಗಡುವಿನ ಅರ್ಧದಾರಿಗೆ ಮರಳಿ ಕೂರುತ್ತೇನೆ. ಹತ್ತು ದಿನ ಇದ್ದರೆ ಮೊದಲ ದಿನ ಮುಟ್ಟುತ್ತೇನೆ, ನಾಲ್ಕು ದಿನ ಬಿಡುತ್ತೇನೆ, ಆರನೇ ದಿನ ಬರೆಯಲು ಶುರು. ಇದು ನನಗೆ ಹೊಂದಿದ ಲೆಕ್ಕ.

ಕೊನೇ ಗಳಿಗೆಯಲ್ಲೇ ನನಗೆ ಕೆಲಸ ಚೆನ್ನಾಗಿ ಆಗುತ್ತದೆ. ಇದು ನಿಜವಾ, ಭ್ರಮೆಯಾ?

ಎರಡೂ ಸ್ವಲ್ಪ ಸ್ವಲ್ಪ.

ನಿಜ ಏನೆಂದರೆ, ಗಡುವು ಹತ್ತಿರವಾದಾಗ ಮನಸ್ಸು ಒಂದೇ ಕಡೆ ನಿಲ್ಲುತ್ತದೆ. ಬೇಡದ್ದು ತಾನೇ ಉದುರುತ್ತದೆ. ಸಿಕ್ಕಷ್ಟು ಸಮಯವನ್ನೂ ತುಂಬುವ ಹಾಗೆ ಕೆಲಸ ಹಿಗ್ಗುತ್ತದೆ ಅಂತ ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ 1955ರಲ್ಲೇ ಬರೆದರು. ಒಂದು ವಾರ ಕೊಟ್ಟರೆ ಒಂದು ವಾರ, ಒಂದು ಸಂಜೆ ಕೊಟ್ಟರೆ ಒಂದು ಸಂಜೆ. ಚಿಕ್ಕ ಕೆಲಸಗಳನ್ನು ಕೊನೆಗೆ ಇಟ್ಟುಕೊಂಡರೆ ಅವು ಹಿಗ್ಗಲು ಜಾಗ ಸಿಗುವುದಿಲ್ಲ.

ಆದರೆ ಒತ್ತಡ ಒಂದು ಮಟ್ಟದವರೆಗೆ ಮಾತ್ರ ಸಹಾಯ ಮಾಡುತ್ತದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಇಂಥದ್ದೇ ಕಂಡಿತ್ತು. ಕಷ್ಟದ ಪಾಠವಾದರೆ ಹದ ಮೀರಿದ ಪ್ರಚೋದನೆ ಕಲಿಕೆಯನ್ನು ಕೆಡಿಸುತ್ತದೆ. ಹಾಗಾಗಿ ಗೊತ್ತಿರುವ, ಕೈಪಳಗಿದ ಕೆಲಸ ಕೊನೇ ಗಳಿಗೆಯಲ್ಲೂ ನಡೆದೀತು. ಹೊಸ, ತೊಡಕಿನ ಕೆಲಸ ನಡೆಯುವುದಿಲ್ಲ.

ಇನ್ನೊಂದು ವಿಷಯ. 1997ರಲ್ಲಿ ಟೈಸ್ ಮತ್ತು ಬೌಮೈಸ್ಟರ್ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಟರ್ಮ್ ಪೂರ್ತಿ ಗಮನಿಸಿದರು. ಮೊದಮೊದಲು ಮುಂದೂಡುವವರೇ ಆರಾಮಾಗಿದ್ದರು. ಅವರಿಗೆ ಒತ್ತಡವೂ ಕಮ್ಮಿ, ಕಾಯಿಲೆಯೂ ಕಮ್ಮಿ. ಟರ್ಮ್ ಮುಗಿಯುವ ಹೊತ್ತಿಗೆ ತಿರುಗುಮುರುಗಾಯಿತು. ಅವರ ಒತ್ತಡ, ಕಾಯಿಲೆ ಎರಡೂ ಉಳಿದವರಿಗಿಂತ ಹೆಚ್ಚು. ಒಟ್ಟು ಕೂಡಿಸಿದರೂ ನಷ್ಟವೇ ಜಾಸ್ತಿ. ಅಂಕಗಳೂ ಕಮ್ಮಿ. ಮೊದಲ ತಿಂಗಳ ಆ ಆರಾಮ ಸುಳ್ಳಲ್ಲ, ಆದರೆ ಅದು ಸಾಲ ತಂದ ಆರಾಮ.

ಬೇಕೆಂದೇ ಕೊನೆಗೆ ಇಟ್ಟುಕೊಂಡು, ಒತ್ತಡವನ್ನು ಇಷ್ಟಪಟ್ಟು, ಹೇಳಿದ ಹೊತ್ತಿಗೆ ಮುಗಿಸುವವರೂ ಇದ್ದಾರೆ. ಚು ಮತ್ತು ಚೋಯ್ ಎಂಬ ಸಂಶೋಧಕರು 2005ರಲ್ಲಿ ಇವರನ್ನು ಬೇರೆ ಗುಂಪಾಗಿ ಗುರುತಿಸಿದರು. ಇವರಲ್ಲಿ ಸಮಯದ ಹಿಡಿತ, ತಮ್ಮ ಮೇಲಿನ ನಂಬಿಕೆ ಎರಡೂ ಚೆನ್ನಾಗಿತ್ತು. ಇದನ್ನು ಮುಂದೂಡುವುದು ಅಂತ ಕರೆಯಲೇಬಾರದು ಅಂತ ವಾದಿಸುವ ಸಂಶೋಧಕರೂ ಇದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ. ನೀವು ಆ ಗುಂಪಿನವರಾ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು. ಹೋದ ವರ್ಷ ಎಷ್ಟು ಗಡುವು ತಪ್ಪಿಸಿದಿರಿ?

ಬೇಗ ಬೇಗ ಮುಗಿಸಿಬಿಡುವುದರಲ್ಲಿ ನಷ್ಟವೇನಾದರೂ ಇದೆಯಾ?

ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮೆರಿಕದಲ್ಲಿ ಡೇವಿಡ್ ರೋಸೆನ್‌ಬಾಮ್ ಮತ್ತು ಜೊತೆಗಾರರು 2014ರಲ್ಲಿ ಒಂದು ಬಕೆಟ್ ಪ್ರಯೋಗ ಪ್ರಕಟಿಸಿದರು. ಒಂದು ದಾರಿಯಲ್ಲಿ ಎರಡು ಬಕೆಟ್ ಇಟ್ಟಿದ್ದರು. ಒಂದು, ಪ್ರಯೋಗಕ್ಕೆ ಬಂದ ವಿದ್ಯಾರ್ಥಿ ಹೊರಡುವ ಜಾಗದ ಹತ್ತಿರ, ಇನ್ನೊಂದು ಕೊನೆಯ ಗೆರೆಯ ಹತ್ತಿರ. ಯಾವುದಾದರೂ ಒಂದನ್ನು, ಸುಲಭ ಅನಿಸಿದ್ದನ್ನು, ಗೆರೆವರೆಗೆ ಒಯ್ದರೆ ಸಾಕು. ದೂರದ್ದನ್ನು ಎತ್ತಿದರೆ ಹೊರುವ ದೂರ ಕಮ್ಮಿ. ಆದರೂ ಹೆಚ್ಚಿನವರು ಹತ್ತಿರದ ಬಕೆಟ್ಟನ್ನೇ ಎತ್ತಿದರು, ಇಡೀ ದಾರಿ ಹೊತ್ತರು. ಯಾಕೆ ಅಂತ ಕೇಳಿದರೆ, ಬೇಗ ಕೆಲಸ ಮುಗಿಸೋಣ ಅಂತ ಅಂದರು.

ಬಕೆಟ್ ಎತ್ತಿದ ಕೂಡಲೇ ಅರ್ಧ ಕೆಲಸ ಮುಗಿದ ಹಾಗೆ ಅನಿಸುತ್ತದೆ, ಅಲ್ವಾ? ಬಂದ ಮೇಲ್‌ಗೆಲ್ಲ ಆ ಕ್ಷಣವೇ ಉತ್ತರ ಕೊಡುವುದು, ಪೂರ್ತಿ ಕೇಳುವ ಮೊದಲೇ "ಆಯ್ತು, ಮಾಡ್ತೀನಿ" ಅನ್ನುವುದು, ಮೊದಲು ಹೊಳೆದ ಯೋಚನೆಯನ್ನೇ ಗಟ್ಟಿ ಮಾಡುವುದು, ಎಲ್ಲವೂ ಹತ್ತಿರದ ಬಕೆಟ್ಟೇ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಇರುವುದು ಸುಮ್ನೆ ಅಲ್ಲ.

ನಿರ್ಧಾರಗಳನ್ನು ಮುಂದೂಡುವುದು ಸರಿಯಾ?

ಮನಸ್ಸು ಕಾದಿರುವಾಗ ಖಂಡಿತ ಸರಿ. ಈ ವಿಷಯದಲ್ಲಿ ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಚಿರಕಾರಿಯ ಕಥೆಗಿಂತ ಒಳ್ಳೆಯದನ್ನು ನಾನು ಓದಿಲ್ಲ. ಭೀಷ್ಮ ಇದನ್ನು ಯುಧಿಷ್ಠಿರನಿಗೆ ಹೇಳುತ್ತಾನೆ. ಗೌತಮ ಋಷಿಯ ಮಗ ಯಾವ ಕೆಲಸವನ್ನೂ ಬಹಳ ಹೊತ್ತು ಯೋಚಿಸಿ ಮಾಡುತ್ತಿದ್ದ, ಅದಕ್ಕೇ ಚಿರಕಾರಿ ಅನ್ನುವ ಹೆಸರು. ಜನ ಅವನನ್ನು ಸೋಮಾರಿ, ಮಂದಬುದ್ಧಿ ಅನ್ನುತ್ತಿದ್ದರು. ಒಂದು ದಿನ ಗೌತಮ ಹೆಂಡತಿಯ ಮೇಲೆ ಸಿಟ್ಟಾಗಿ, "ನಿನ್ನ ತಾಯಿಯನ್ನು ಕೊಲ್ಲು" ಅಂತ ಮಗನಿಗೆ ಹೇಳಿ ಕಾಡಿಗೆ ಹೋಗಿಬಿಟ್ಟ. ಮಗ ಆಯಿತು ಅಂದ. ಆಮೇಲೆ ಯೋಚಿಸಲು ಕೂತ. ತಂದೆಯ ಮಾತು ಮೀರುವುದು ಹೇಗೆ? ತಾಯಿಯನ್ನು ಕೊಲ್ಲುವುದು ಹೇಗೆ? ಯೋಚನೆ ಮುಗಿಯಲೇ ಇಲ್ಲ. ಅಷ್ಟರಲ್ಲಿ ಗೌತಮನ ಸಿಟ್ಟು ಇಳಿದಿತ್ತು. ಮಗ ಇವತ್ತೊಂದು ದಿನ ಹೆಸರಿಗೆ ತಕ್ಕ ಹಾಗೆ ತಡ ಮಾಡಿರಲಿ ಅಂತ ಹಂಬಲಿಸುತ್ತ, ಅಳುತ್ತ ಓಡಿ ಬಂದ. ಮಗ ಆಯುಧ ಕೆಳಗೆ ಹಾಕಿ ಕಾಲಿಗೆ ಬಿದ್ದ. ತಾಯಿ ಬದುಕಿದ್ದಳು.

ಅವನು ತಡ ಮಾಡಿದ್ದು ಮರೆವಿನಿಂದಲ್ಲ, ನೋಡಿ. ಅಷ್ಟು ಹೊತ್ತೂ ಆ ವಿಷಯವನ್ನೇ ಹಿಡಿದು ಯೋಚಿಸುತ್ತಿದ್ದ. ಮುಟ್ಟಿ ಬಿಡುವುದು ಅಂತ ನಾನು ಹೇಳುತ್ತಿರುವುದು ಇದನ್ನೇ.

ನಮ್ಮ ಬದುಕಿನಲ್ಲಿ ಇದು ಚಿಕ್ಕ ರೂಪದಲ್ಲಿ ದಿನಾ ಬರುತ್ತದೆ. ಒಮ್ಮೆ ರಾತ್ರಿ 11 ಗಂಟೆಗೆ ಬಂದ ಒಂದು ಮೇಲ್ ಓದಿ ನನಗೆ ಮೈ ಉರಿದುಹೋಯಿತು. ನನ್ನ ಕೆಲಸವನ್ನು ಬೇರೆಯವರ ಹೆಸರಿಗೆ ಬರೆದಿದ್ದರು. ಉತ್ತರ ಟೈಪ್ ಮಾಡಿದೆ, ಖಾರವಾಗಿಯೇ. ಯಾರಿಗೆ ಅನ್ನುವ ಜಾಗ ಖಾಲಿ ಬಿಟ್ಟು ಡ್ರಾಫ್ಟ್‌ನಲ್ಲಿ ಇಟ್ಟು ಮಲಗಿದೆ. ಬೆಳಿಗ್ಗೆ ಓದಿದಾಗ ಹನ್ನೆರಡು ಸಾಲಿನಲ್ಲಿ ಎರಡು ಮಾತ್ರ ಬೇಕಾದ ಮಾತು, ಉಳಿದ ಹತ್ತು ಸಿಟ್ಟು. ಎರಡು ಸಾಲು ಕಳಿಸಿದೆ. ಮಧ್ಯಾಹ್ನದೊಳಗೆ ಹೆಸರು ಸರಿಯಾಯಿತು. ಅಂದಿನಿಂದ ಇದೇ ಪದ್ಧತಿ.

ಸಿಟ್ಟು ಇಳಿದ ಮೇಲೂ, ಬೇಕಾದ ವಿಷಯವೆಲ್ಲ ಕೈಯಲ್ಲಿದ್ದ ಮೇಲೂ ನಿರ್ಧಾರ ಮಾಡದೇ ಇದ್ದರೆ ಅದು ಮೀನಮೇಷ ಎಣಿಸುವುದು. ಅದಕ್ಕೆ ಈ ಕಥೆಯ ಆಸರೆ ಬೇಡ.

ಒಂದು ಕೆಲಸ ತಪ್ಪಿಸಿಕೊಳ್ಳಲು ಬೇರೆ ಹತ್ತು ಕೆಲಸ ಮಾಡುತ್ತೇನೆ. ಇದು ತಪ್ಪಾ?

ಇದನ್ನೇ ಒಂದು ವಿಧಾನ ಮಾಡಿಕೊಂಡವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಜಾನ್ ಪೆರಿ 1996ರಲ್ಲಿ ಇದರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಮುಂದೂಡುವವರು ಸುಮ್ಮನೆ ಕೂರುವುದಿಲ್ಲ, ಪಟ್ಟಿಯ ಮೇಲಿನ ಕೆಲಸ ತಪ್ಪಿಸಲು ಕೆಳಗಿನ ಕೆಲಸಗಳನ್ನು ಖುಷಿಯಿಂದ ಮಾಡುತ್ತಾರೆ, ಆ ಗುಣವನ್ನೇ ಬಳಸಿಕೊಳ್ಳಿ ಅನ್ನುವುದು ಅವರ ಸಲಹೆ. ಮೇಲೆ ಭಾರೀ ಅನಿಸುವ, ಆದರೆ ತಡವಾದರೂ ನಡೆಯುವ ಕೆಲಸ ಇಡಿ. ಅದರಿಂದ ತಪ್ಪಿಸಿಕೊಳ್ಳುತ್ತ ಉಳಿದ ಉಪಯುಕ್ತ ಕೆಲಸಗಳೆಲ್ಲ ಮುಗಿಯುತ್ತವೆ. ಈ ಪ್ರಬಂಧಕ್ಕೆ 2011ರಲ್ಲಿ ಇಗ್ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಪ್ರಶಸ್ತಿ ಅದು.

ಬಾಕಿ ಉಳಿದ ಪತ್ರಗಳು, ಕಪಾಟು ಜೋಡಿಸುವುದು, ಹಳೇ ಫೋಟೊಗಳನ್ನು ಬೇರ್ಪಡಿಸುವುದು, ಇವಕ್ಕೆ ಈ ವಿಧಾನ ನನಗೆ ತುಂಬಾ ಕೆಲಸಕ್ಕೆ ಬಂದಿದೆ. ಮೇಲಿನ ಕೆಲಸ ನಿಜವಾಗಿಯೂ ತುರ್ತಿನದಾದರೆ ಮಾತ್ರ ಇದನ್ನು ನೆಚ್ಚಬೇಡಿ.

ದೊಡ್ಡ ದೊಡ್ಡವರೂ ಮುಂದೂಡುತ್ತಿದ್ದರಂತೆ, ನಿಜವಾ?

ಲಿಯೊನಾರ್ಡೊ ಡ ವಿಂಚಿಯ ಹೆಸರು ಎಲ್ಲರೂ ಹೇಳುತ್ತಾರೆ. 1483ರಲ್ಲಿ ಮಿಲಾನ್‌ನಲ್ಲಿ ಒಂದು ಚಿತ್ರಕ್ಕೆ ಒಪ್ಪಂದ ಮಾಡಿಕೊಂಡ, ಅದೇ ವರ್ಷ ಡಿಸೆಂಬರ್‌ಗೆ ಕೊಡಬೇಕಿತ್ತು. ವ್ಯವಹಾರ ಮುಗಿದದ್ದು 1508ರಲ್ಲಿ. ಆದರೆ ಅದರ ನಡುವೆ ಹಣದ ತಕರಾರೂ ಇತ್ತು, ಪೂರ್ತಿ ತಪ್ಪು ಅವನದಲ್ಲ.

ಡಾರ್ವಿನ್ನನ ಕಥೆ ನನಗೆ ಇನ್ನೂ ಇಷ್ಟ. ನಿಸರ್ಗದ ಆಯ್ಕೆಯ ಯೋಚನೆ ಅವನಿಗೆ ಹೊಳೆದದ್ದು 1838ರಲ್ಲಿ. 1842ರಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಕರಡು, 1844ರಲ್ಲಿ ದೊಡ್ಡ ಕರಡು. ಆಮೇಲೆ 1846ರಿಂದ 1854ರವರೆಗೆ ಬಂಡೆಗೆ, ಹಡಗಿನ ತಳಕ್ಕೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಪುಟ್ಟ ಸಮುದ್ರಜೀವಿಗಳ ಅಧ್ಯಯನದಲ್ಲೇ ಮುಳುಗಿದ. ಈ ಯೋಚನೆಯ ಪುಸ್ತಕ ಬಂದದ್ದು 1859ರಲ್ಲಿ, ಅದೂ ಹಿಂದಿನ ವರ್ಷ ಆಲ್ಫ್ರೆಡ್ ವಾಲೇಸ್ ಎಂಬ ಇನ್ನೊಬ್ಬ ಜೀವವಿಜ್ಞಾನಿ ಇದೇ ಯೋಚನೆಯನ್ನು ಬರೆದು ಕಳಿಸಿದ ಮೇಲೆ. ಹೆದರಿ ತಡ ಮಾಡಿದ ಅಂತ ಕೆಲವರು, ಸುಮ್ಮನೆ ಬೇರೆ ಕೆಲಸದಲ್ಲಿದ್ದ ಅಂತ ಕೆಲವರು. ಅದು ಇತ್ತೀಚಿನವರೆಗೂ ಇತಿಹಾಸಕಾರರ ಜಗಳ. ಆದರೆ ಆ ಎಂಟು ವರ್ಷ ಒಂದೇ ಬಗೆಯ ಜೀವಿಯೊಳಗಿನ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಕಣ್ಣಾರೆ ನೋಡಿದ್ದು ಅವನ ವಾದವನ್ನು ಗಟ್ಟಿ ಮಾಡಿತು. ಎರಡು ಕರಡು ಬರೆದಿಟ್ಟೇ ಬಿಟ್ಟಿದ್ದ ಅನ್ನುವುದನ್ನು ಮರೆಯಬೇಡಿ.

ಬಿಟ್ಟ ಕೆಲಸ ಸದಾ ತಲೆ ತಿನ್ನುತ್ತದೆ. ಹಾಗಿದ್ದ ಮೇಲೆ ಲಾಭ ಎಲ್ಲಿ ಬಂತು?

ಅರ್ಧಕ್ಕೆ ಬಿಟ್ಟ ಕೆಲಸ ಮುಗಿದ ಕೆಲಸಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಅಂತ ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿ ಬರೆದರು. ನಂತರದ ಪ್ರಯೋಗಗಳಲ್ಲಿ ಈ ನೆನಪಿನ ವಿಷಯ ಪ್ರತಿಸಲ ಹಾಗೇ ಬರಲಿಲ್ಲ. ಆದರೆ ಶುರು ಮಾಡಿ ಬಿಟ್ಟದ್ದನ್ನು ಮತ್ತೆ ಹಿಡಿಯಬೇಕು ಅನ್ನುವ ಸೆಳೆತ ಮಾತ್ರ ಗಟ್ಟಿಯಾಗಿ ಕಂಡಿದೆ. ಆ ಸೆಳೆತವೇ ಕಾವಿಗೂ ಬಿಸಿ, ತಲೆನೋವಿಗೂ ಕಾರಣ.

ತಲೆನೋವು ಇಳಿಸಲು ಕೆಲಸ ಮುಗಿಸಲೇಬೇಕೆಂದಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಅಂತ ಬರೆದಿಟ್ಟರೂ ಮನಸ್ಸು ಅದನ್ನು ಹಿಡಿದು ಜಗ್ಗುವುದು ಕಡಿಮೆಯಾಗುತ್ತದೆ. ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ್ದು ಇದನ್ನೇ. "ಆಮೇಲೆ ನೋಡೋಣ" ಅಂದರೆ ಸಾಲದು. "ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಕಿಟಕಿ ಪಕ್ಕದ ಮೇಜಿನಲ್ಲಿ, ಎರಡನೇ ಭಾಗದಿಂದ" ಅಂತ ಬರೆಯಿರಿ. ಅಲ್ಲಿಯವರೆಗೆ ನಿಶ್ಚಿಂತೆಯಾಗಿ ಬಿಡಿ.

ಯಾವುದನ್ನು ಮುಂದೂಡಲೇಬಾರದು?

ದೇಹದ ನೋವು. ಸಾಲ. ಬೇರೆಯವರು ನಿಮಗಾಗಿ ಕಾಯುತ್ತಿರುವ ಕೆಲಸ. ಕಾಯುವುದರಿಂದ ಹೊಸದೇನೂ ಹೊಳೆಯದ, ದಿನ ಕಳೆದಂತೆ ದೊಡ್ಡದಾಗುವ ಎಲ್ಲವೂ.

ತಣ್ಣೀರು ಕುಡಿದರೆ ನನ್ನ ಎಡಗಡೆಯ ಕೆಳದವಡೆಯ ಹಲ್ಲು ಜುಂ ಅನ್ನುತ್ತಿತ್ತು. ಬಲಗಡೆ ಕುಡಿಯಲು ಕಲಿತೆ. ಬಲಗಡೆಯೇ ಅಗಿಯಲು ಕಲಿತೆ. ಎಂಟು ತಿಂಗಳು ಹೀಗೇ ನಡೆಯಿತು. ಮೊದಲೇ ಹೋಗಿದ್ದರೆ ಒಂದು ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿತ್ತು ಅಂತ ಹಲ್ಲಿನ ಡಾಕ್ಟರ್ ಎಕ್ಸ್‌ರೇ ತೋರಿಸಿ ಹೇಳಿದರು. ರೂಟ್ ಕೆನಾಲ್ ಮಾಡಿ, ಮೇಲೆ ಕ್ಯಾಪ್ ಹಾಕಿಸಿಕೊಂಡು ಬರಲು ಐದು ಸಲ ಅಲೆಯಬೇಕಾಯಿತು. ಸಿರೋಯಿಸ್ 2015ರ ಅಧ್ಯಯನವೊಂದರಲ್ಲಿ ರಕ್ತದೊತ್ತಡ, ಹೃದ್ರೋಗ ಇದ್ದವರಲ್ಲಿ ಮುಂದೂಡುವ ಅಭ್ಯಾಸ ಹೆಚ್ಚಾಗಿ ಕಂಡರು. ಯಾವುದರಿಂದ ಯಾವುದು ಬಂತು ಅನ್ನುವುದು ಅದರಿಂದ ತೀರ್ಮಾನವಾಗುವುದಿಲ್ಲ. ಆದರೂ ಆರೋಗ್ಯದ ವಿಷಯದಲ್ಲಿ ನಾಳೆ ಅನ್ನುವ ಮಾತು ಬೇಡ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಳ್ಳೆಯ ತಡ, ಕೆಟ್ಟ ತಡ, ನಡುವೆ ಇರುವಾಗಲೇ ಹೇಗೆ ಗುರುತಿಸುವುದು?

ಕೆಲಸದ ನೆನಪು ಬಂದಾಗ ಏನಾಗುತ್ತದೆ ನೋಡಿ. "ಆ ಭಾಗವನ್ನು ಹೀಗೂ ಮಾಡಬಹುದಲ್ಲ" ಅಂತ ಅನಿಸಿದರೆ ಕಾವು ಸಾಗಿದೆ. ಎದೆ ಬಿಗಿದು, ಕೂಡಲೇ ಬೇರೆ ಏನನ್ನೋ ಹುಡುಕಿ ಫೋನಿಗೆ ಕೈ ಹಾಕಿದರೆ ಅದು ತಪ್ಪಿಸಿಕೊಳ್ಳುವುದು. ಕೆಲಸದ ಬಗ್ಗೆ ಬೇರೆಯವರ ಹತ್ತಿರ ಮಾತಾಡಬೇಕು ಅನಿಸುತ್ತದಾ, ಅಥವಾ ಆ ಮಾತು ಬಂದರೆ ವಿಷಯ ಬದಲಿಸುತ್ತೀರಾ? ಇದು ನನಗೆ ಎಂದೂ ತಪ್ಪು ಉತ್ತರ ಕೊಟ್ಟಿಲ್ಲ.

ಕೆಟ್ಟ ತಡವೇ ಆಗಿಹೋಗಿದೆ. ಈಗ ನನ್ನ ಮೇಲೆ ನನಗೇ ಬೇಸರ.

ನಿಮ್ಮನ್ನು ನೀವು ಕ್ಷಮಿಸಿ. ಇದು ಬರೀ ಸಮಾಧಾನದ ಮಾತಲ್ಲ. 2010ರಲ್ಲಿ ವೋಲ್, ಪೈಕಿಲ್ ಮತ್ತು ಬೆನೆಟ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಓದದೇ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಮ್ಮಿ ಮುಂದೂಡಿದರು. ಬೈದುಕೊಂಡಷ್ಟೂ ಆ ಕೆಲಸದ ಸುತ್ತ ಕಹಿ ಕಟ್ಟಿಕೊಳ್ಳುತ್ತದೆ, ಕಹಿ ಇದ್ದಲ್ಲಿಗೆ ಮನಸ್ಸು ಹೋಗಲು ಒಪ್ಪುವುದಿಲ್ಲ.

ಮಗ ಹೋಂವರ್ಕ್ ಯಾವಾಗಲೂ ಕೊನೆಗೇ ಮಾಡುತ್ತಾನೆ. ಬಿಡಲಾ, ಗದರಲಾ?

ಎರಡೂ ಬೇಡ. ಬಂದ ಕೂಡಲೇ ಹೋಂವರ್ಕ್‌ನ ಪ್ರಶ್ನೆಗಳನ್ನು ಒಮ್ಮೆ ಜೋರಾಗಿ ಓದಿಸಿ, ಮೊದಲನೆಯದರ ಒಂದು ಸಾಲು ಬರೆಸಿ, ಆಟಕ್ಕೆ ಕಳಿಸಿ. ವಾಪಸ್ ಬಂದಾಗ ಖಾಲಿ ಹಾಳೆ ಎದುರು ಕೂರುವ ಕಷ್ಟ ಇರುವುದಿಲ್ಲ.

ವರ್ಷಗಳಿಂದ ಮುಂದೂಡುತ್ತಲೇ ಬಂದ ಕೆಲಸಗಳಿವೆ. ಅವನ್ನು ಏನು ಮಾಡಲಿ?

ಒಂದು ಹಾಳೆಯ ಮೇಲೆ ಎಲ್ಲ ಬರೆಯಿರಿ. ಪ್ರತಿಯೊಂದರ ಮುಂದೆಯೂ, ಇವತ್ತು ಹೊಸದಾಗಿ ಯಾರಾದರೂ ಇದನ್ನು ಮಾಡ್ತೀಯಾ ಅಂತ ಕೇಳಿದರೆ ಒಪ್ಪುತ್ತೇನಾ ಅಂತ ಕೇಳಿಕೊಳ್ಳಿ. ನಾನು ಇದನ್ನು ಮಾಡಿದಾಗ ಪಟ್ಟಿಯಲ್ಲಿ ಐದಿದ್ದವು. ಗಿಟಾರ್ ಕಲಿಯುವುದು, ಒಂದು ಪರೀಕ್ಷೆ ಕಟ್ಟುವುದು, ಹಳೇ ಡೈರಿಗಳನ್ನು ಟೈಪ್ ಮಾಡುವುದು, ಒಂದು ಭಾಷೆ ಕಲಿಯುವುದು, ನನಗೆ ಬರೆಯಲು ಕಲಿಸಿದ ಮೇಷ್ಟ್ರಿಗೆ ಪತ್ರ ಬರೆಯುವುದು. ಮೊದಲ ನಾಲ್ಕಕ್ಕೆ ಉತ್ತರ ಇಲ್ಲ ಅಂತಲೇ ಬಂತು. ಅಷ್ಟು ವರ್ಷ ಅವನ್ನು ಮುಂದೂಡಿದ್ದು, ಅವು ನನಗೆ ಬೇಡ ಅಂತ ನನಗಿಂತ ಮೊದಲೇ ನನ್ನ ಕೈಗೆ ಗೊತ್ತಿತ್ತು ಅನ್ನುವುದರ ಗುರುತು. ಗೆರೆ ಎಳೆದೆ. ಗಿಟಾರನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ.

ಐದನೆಯದು ಉಳಿಯಿತು. ಮೊದಲ ಸಾಲನ್ನು ಅವತ್ತೇ ಬರೆದು ಬಿಟ್ಟೆ. ನಾಲ್ಕನೇ ದಿನ ಕೂತಾಗ ಎರಡು ಪುಟ ಬಂತು. ಮೇಷ್ಟ್ರ ಉತ್ತರ ಹತ್ತು ದಿನದಲ್ಲಿ ಬಂತು, ನನ್ನ ಪತ್ರದ ಒಂದು ಒತ್ತಕ್ಷರದ ತಪ್ಪಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಜೊತೆಗೇ ಕಳಿಸಿದ್ದರು.